ಮೂಳೆ ಬೆಳೆಸೋಕೆ ಪಂಪ್ ಯಾಕೆ?

ಪ್ರಶ್ನೆ: ಲ್ಯಾಬಲ್ಲಿ ಮೂಳೆ ಬೆಳೆಸುವಾಗ ಸ್ಪಂಜಿನ ಥರ ತೂತಿರೋ ಸ್ಕ್ಯಾಫೋಲ್ಡ್ (ಕೋಶಗಳಿಗೆ ಆಧಾರ ಕೊಡೋ ಚೌಕಟ್ಟು) ಮೇಲೆ ಜೀವಕೋಶ ಹಾಕ್ತಾರಂತೆ. ಅದನ್ನ ಪೋಷಕ ದ್ರವದಲ್ಲಿ ಮುಳುಗಿಸಿಟ್ರೆ ಸಾಲದಾ ಸರ್, ಪಂಪ್ ಹಾಕಿ ಹರಿಸೋದ್ಯಾಕೆ?

ಉತ್ತರ: ಸಾಲಲ್ಲ. ಸುಮ್ನೆ ಮುಳುಗಿಸಿಟ್ರೆ ಆಕ್ಸಿಜನ್ ತಾನಾಗೇ ಒಳಗೆ ಹೋಗೋದು ತುಂಬಾ ಕಮ್ಮಿ ದೂರ, ಕೋಶಗಳು ಒತ್ತಾಗಿ ಬೆಳೆದ ಜಾಗದಲ್ಲಂತೂ 100-200 ಮೈಕ್ರೋಮೀಟರ್ ಅಷ್ಟೇ, ಹಾಗಾಗಿ ಹೊರಗಡೆ ಚೆನ್ನಾಗಿ ಬೆಳೆದು ನಡುವಿನ ಕೋಶಗಳು ಸಾಯ್ತವೆ. ಪಂಪ್ ಹಾಕಿ ತೂತುಗಳ ಮೂಲಕವೇ ದ್ರವ ಹರಿಸಿದ್ರೆ ಒಳಗಿನವಕ್ಕೂ ಊಟ ಸಿಗುತ್ತೆ.

ಆದ್ರೆ ಊಟ ಒಂದೇ ಅಲ್ಲ, ಹರಿಯೋ ದ್ರವ ಕೋಶಗಳನ್ನ ಉಜ್ಜಿಕೊಂಡು ಹೋಗುತ್ತಲ್ಲ, ಆ ಉಜ್ಜುವಿಕೆನೂ ಅವಕ್ಕೆ ಒಂದು ಸಂದೇಶ. ನಂಗೆ ಬಹಳ ಇಷ್ಟವಾದ ಪ್ರಯೋಗ ಅಮೆರಿಕದ ರೈಸ್ ಯೂನಿವರ್ಸಿಟಿದು, 2003ರಲ್ಲಿ ಪ್ರಕಟವಾಯ್ತು: ಟೈಟಾನಿಯಂ ಜಾಲರಿ ಮೇಲೆ ಇಲಿಯ ಮೂಳೆಮಜ್ಜೆಯ ಕೋಶ ಹಾಕಿ, ಹರಿವಿನ ವೇಗ ಬದಲಾಯಿಸದೆ ದ್ರವಕ್ಕೆ ಡೆಕ್ಸ್‌ಟ್ರಾನ್ ಅನ್ನೋ ಸಕ್ಕರೆ ಜಾತಿಯ ಪದಾರ್ಥ ಬೆರೆಸಿ ಬರೀ ಮಂದ ಮಾಡಿದ್ರು. ದ್ರವ ಮಂದ ಆದಷ್ಟೂ ಅದೇ ವೇಗದಲ್ಲೇ ಜಾಸ್ತಿ ಉಜ್ಜುತ್ತೆ, ಹೀಗೆ ಉಜ್ಜುವಿಕೆ ಹೆಚ್ಚಾದಷ್ಟೂ ಮೂಳೆಯನ್ನ ಗಟ್ಟಿ ಮಾಡೋ ಖನಿಜ ಜಾಸ್ತಿ ಕೂತ್ಕೊಳ್ತು!

ಹಾಗಂತ ಜೋರಾಗಿ ಹರಿಸೋ ಹಾಗಿಲ್ಲ, ಕೋಶಗಳೇ ಕಿತ್ತು ಬರ್ತವೆ. ತೂತು ಸಣ್ಣದಾದ್ರೆ ಅದೇ ಹರಿವಲ್ಲೂ ಉಜ್ಜುವಿಕೆ ಏರುತ್ತೆ, ಅಂಗಾಂಶ ಬೆಳೀತಾ ತೂತು ತುಂಬಿದ ಹಾಗೆ ಅದೂ ಬದಲಾಗ್ತಾ ಹೋಗುತ್ತೆ, ಅದಕ್ಕೇ ಮೊದಲ ದಿನದ ಪಂಪ್ ಸೆಟ್ಟಿಂಗ್ ಕೊನೇವರೆಗೂ ಸರಿ ಇರುತ್ತೆ ಅನ್ಕೋಬೇಡಿ.