ತಂದೆಗೆ ಹೆಪಟೈಟಿಸ್ ಸಿ: ತಟ್ಟೆ ಲೋಟ ಬೇರೆ ಮಾಡಬೇಕಾ?

ಪ್ರಶ್ನೆ: ನಮ್ಮ ತಂದೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಶುರುವಿನಲ್ಲಿ ಹೆಪಟೈಟಿಸ್ ಸಿ ನೆಗೆಟಿವ್ ಇತ್ತು, ಈಗ ಪಾಸಿಟಿವ್ ಬಂದಿದೆ. ಮಷೀನಿನಿಂದ ಬಂತಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ತಂದೆಯ ತಟ್ಟೆ ಲೋಟ ಬೇರೆ ಇಟ್ಟಿದ್ದೇವೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ ತಟ್ಟೆ ಲೋಟ ಎಲ್ಲರದರ ಜೊತೆ ಸೇರಿಸಿ. ಲಿವರ್‌ಗೆ ತಗಲುವ ಈ ವೈರಸ್ ರಕ್ತದಿಂದ ರಕ್ತಕ್ಕೆ ಹೋಗುತ್ತದೆ. ಊಟ, ನೀರು, ಎಂಜಲು, ಕೆಮ್ಮು, ಇದರಿಂದೆಲ್ಲ ಬರುವುದಿಲ್ಲ. ಮೊಮ್ಮಕ್ಕಳು ತಾತನ ತಟ್ಟೆಯಲ್ಲೇ ಕೈ ಹಾಕಿ ತಿನ್ನಲಿ, ಏನೂ ಆಗಲ್ಲ. ರೇಜರ್, ಟೂತ್ ಬ್ರಷ್, ಉಗುರು ಕತ್ತರಿ, ಶುಗರ್ ನೋಡುವ ಸೂಜಿ, ಇಷ್ಟು ಮಾತ್ರ ಅವರದ್ದು ಅವರಿಗೇ ಇರಲಿ.

ಎಲ್ಲರೂ ಮಷೀನನ್ನೇ ಬೈಯುತ್ತಾರೆ, ಆದರೆ ನನಗೆ ಜಾಸ್ತಿ ಅನುಮಾನ ಔಷಧಿ ಟ್ರೇ ಮೇಲೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್‌ನ ಒಂದೇ ಬಾಟಲಿಯಿಂದ ನಾಲ್ಕೈದು ಜನಕ್ಕೆ ಔಷಧಿ ಎಳೆಯುವ ಕಡೆ, ಒಬ್ಬರ ಲೈನಿಗೆ ಚುಚ್ಚಿದ ಸಿರಿಂಜ್ ಮತ್ತೆ ಆ ಬಾಟಲಿಗೆ ಹೋದರೆ ಮುಗಿಯಿತು, ಆಮೇಲೆ ಬರುವವರಿಗೆಲ್ಲ ಅಪಾಯ. ಸೂಜಿ ಬದಲಾಯಿಸಿದ್ದೇವಲ್ಲ ಅಂದರೆ ಒಪ್ಪಬೇಡಿ. ಸಿರಿಂಜಿನ ಒಳಗೇ ಕಣ್ಣಿಗೆ ಕಾಣದಷ್ಟು ರಕ್ತ ಸೇರಿರಬಹುದು. ಒಂದು ಬೆಡ್‌ನಿಂದ ಇನ್ನೊಂದಕ್ಕೆ ಅದೇ ಗ್ಲೌಸ್‌ನಲ್ಲಿ ಹೋಗುವುದೂ ಅಷ್ಟೇ ಕೆಟ್ಟದ್ದು, ಯಾಕೆಂದರೆ ಒಣಗಿದ ರಕ್ತದಲ್ಲೂ ಇದು ದಿನಗಟ್ಟಲೆ ಬದುಕಿರುತ್ತದೆ. ಈಜಿಪ್ಟಿನಲ್ಲಿ 1950ರಿಂದ 80ರ ದಶಕದವರೆಗೆ ಹುಳುವಿನ ಕಾಯಿಲೆಯೊಂದಕ್ಕೆ ಸರ್ಕಾರವೇ ಹಳ್ಳಿಗಳಲ್ಲಿ ಇಂಜೆಕ್ಷನ್ ಕೊಡಿಸಿತ್ತು. ಸರಿಯಾಗಿ ಕುದಿಸದ ಸಿರಿಂಜುಗಳಿಂದ ಲಕ್ಷಾಂತರ ಜನಕ್ಕೆ ಇದು ಅಂಟಿತು.

ಹಾಗಾಗಿ ಯೂನಿಟ್‌ನಲ್ಲಿ ನೇರವಾಗಿ ಕೇಳಿ: ಔಷಧಿ ಎಲ್ಲಿ ತುಂಬುತ್ತೀರಿ, ಒಬ್ಬೊಬ್ಬರಿಗೂ ಹೊಸ ಸಿರಿಂಜ್ ಬಳಸುತ್ತೀರಾ? ಕೇಳೋದು ನಿಮ್ಮ ಹಕ್ಕು, ಸಂಕೋಚ ಬೇಡ. ಅಲ್ಲಿ ಬರುವ ಬೇರೆಯವರಿಗೂ ಟೆಸ್ಟ್ ಆಗಬೇಕು.

ಈಗ ತಂದೆಗೆ ಆರ್‌ಎನ್‌ಎ ಟೆಸ್ಟ್ ಮಾಡಿಸಿ, ರಕ್ತದಲ್ಲಿ ವೈರಸ್ ಈಗ ಇದೆಯಾ ಅಂತ ತೋರಿಸುವುದು ಅದೇ. ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಪಾಸಿಟಿವ್ ಅಂದ ಮಾತ್ರಕ್ಕೆ ವೈರಸ್ ಈಗಲೂ ಇದೆ ಅಂತಲ್ಲ. ಇದ್ದರೂ ಗಾಬರಿ ಬೇಡ. ಮಾತ್ರೆಗಳಿವೆ, ಸಾಮಾನ್ಯವಾಗಿ 12 ವಾರ, 100ರಲ್ಲಿ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ಗುಣವಾಗುತ್ತದೆ. ಡಯಾಲಿಸಿಸ್‌ನಲ್ಲಿರುವವರಿಗೂ ಕೊಡಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಟೆಸ್ಟು, ಮಾತ್ರೆ ಎರಡೂ ಉಚಿತ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಇದಕ್ಕೆ ಲಸಿಕೆ ಇಲ್ಲ, ಗುಣವಾದವರಿಗೂ ಮತ್ತೆ ಅಂಟಬಹುದು. ಆಮೇಲೆ ಆಂಟಿಬಾಡಿ ಟೆಸ್ಟ್ ಪಾಸಿಟಿವ್ ಆಗಿಯೇ ಉಳಿಯುವುದರಿಂದ ಮುಂದೆಯೂ ಆರ್‌ಎನ್‌ಎ ಟೆಸ್ಟನ್ನೇ ಕೇಳಿ ಮಾಡಿಸಿ.