ಡಿಸೋಜದ ‘ಡಿ’ ಇನಿಷಿಯಲ್ ಅಲ್ಲ

ಪ್ರಿಯ ಮೇಷ್ಟ್ರೇ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಬಂತು. ಜೊತೆಗಿಟ್ಟ ಫೋಟೊವನ್ನೂ ನೋಡಿದೆ. ಉಳಿದ ಓದುಗರಿಗಾಗಿ ವಿಷಯ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮಲೆನಾಡಿನ ಒಂದು ಸರ್ಕಾರಿ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ಅಲ್ಲಿನ ನಿವೃತ್ತ ಮೇಷ್ಟ್ರ ಪಾಲಿಗೆ ಬಂದಿದೆ. ಹಳೆಯ ಹಾಜರಿ ಪುಸ್ತಕ ತಿರುವುವಾಗ ಅವರದೇ ಕೈಬರಹದಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು. ‘ಡಿ. ಸೋಜ.’ ನೀಲಿ ಶಾಯಿ, ದುಂಡು ಅಕ್ಷರ, ‘ಡಿ’ ಪಕ್ಕದಲ್ಲಿ ಒತ್ತಿ ಇಟ್ಟ ಒಂದು ಚುಕ್ಕೆ. ತಂದೆಯ ಹೆಸರೋ ಊರ ಹೆಸರೋ ಇರಬೇಕು ಅಂದುಕೊಂಡು ಅವತ್ತು ಹಾಗೆ ಬರೆದಿದ್ದರಂತೆ. ಆ ಹುಡುಗನ ತಂಗಿಯ ಹೆಸರು ಎರಡು ಪುಟ ಆಚೆ ‘ಡಿಸೋಜಾ’ ಅಂತ ಒಟ್ಟಿಗೇ ಇದೆ. ಮುಂದೆ ಆ ಹುಡುಗ ಪಾಸ್‌ಪೋರ್ಟಿಗೆ ಓಡಾಡುವಾಗ ಈ ಒಂದು ಚುಕ್ಕೆಗಾಗಿ ಅಫಿಡವಿಟ್ ಮಾಡಿಸಬೇಕಾಯಿತು ಅನ್ನೋದು ಮೇಷ್ಟ್ರಿಗೆ ಈಗ ಗೊತ್ತಾಗಿದೆ. ಅದು ಅವರ ಮನಸ್ಸಿಗೆ ಚುಚ್ಚುತ್ತಿದೆ.

ನೀವು ಮುಖ್ಯವಾಗಿ ಕೇಳಿದ್ದು ಮೂರು ಪ್ರಶ್ನೆ. ಈ ಹೆಸರಿನ ಅರ್ಥ ಏನು? ಡಿಸೋಜ ಅಂತ ಇದ್ದವರೆಲ್ಲ ಪೋರ್ಚುಗೀಸರ ವಂಶದವರಾ? ಪಟ್ಟಿಯಲ್ಲಿ ಹೆಸರನ್ನು ‘ಡ’ದಲ್ಲಿ ಹಾಕಬೇಕೋ ‘ಸ’ದಲ್ಲೋ?

ಚುಕ್ಕೆಯ ವಿಷಯ ಮೊದಲು. ನೀವು ಅಂದುಕೊಂಡಿದ್ದು ಪೂರ್ತಿ ತಪ್ಪಲ್ಲ ಮೇಷ್ಟ್ರೇ. ‘ಡಿ’ ಇನಿಷಿಯಲ್ ಅಲ್ಲ, ಆದರೆ ಅದು ಊರನ್ನು ಹೇಳುವುದಂತೂ ನಿಜ. ಪೋರ್ಚುಗೀಸ್ ಭಾಷೆಯಲ್ಲಿ ‘ದೆ’ ಅಂದರೆ ನಮ್ಮ ಷಷ್ಠೀ ವಿಭಕ್ತಿ ಇದ್ದ ಹಾಗೆ. ‘ದೆ ಸೋಜ’ ಅಂದರೆ ‘ಸೋಜದ’, ಸೋಜ ಸೀಮೆಯವನು. ದೇವನಹಳ್ಳಿಯ ಗುಂಡಪ್ಪನವರು ಡಿ.ವಿ.ಜಿ. ಆದರು, ಕುಪ್ಪಳಿಯ ಪುಟ್ಟಪ್ಪನವರು ಕುವೆಂಪು ಆದರು. ಉತ್ತರ ಕರ್ನಾಟಕದಲ್ಲಂತೂ ಹುಬ್ಬಳ್ಳಿ, ಬಿಜಾಪುರ ಅಂತ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡವರು ಎಷ್ಟು ಜನ! ಇದೂ ಅದೇ ಜಾತಿಯ ಹೆಸರು.

ಹಾಗಾದರೆ ಈ ಸೋಜ ಎಲ್ಲಿದೆ? ಪೋರ್ಚುಗಲ್ಲಿನ ಉತ್ತರದಲ್ಲಿ. ಅದೊಂದು ಸಣ್ಣ ಹೊಳೆ. ಫೆಲ್ಗೇರಸ್ ಕಡೆ ಹುಟ್ಟಿ, ಲೌಸಾದ, ಪೆನಾಫಿಯೆಲ್, ಪರೇದೆಸ್ ಸೀಮೆಗಳಲ್ಲಿ ಹರಿದು, ಪೋರ್ಟೊ ನಗರಕ್ಕೆ ಸ್ವಲ್ಪ ಮೇಲೆ ದೊರು ನದಿಗೆ ಸೇರುತ್ತದೆ. ಸೇರುವ ಜಾಗದ ಊರಿಗೆ ‘ಫೋಜ್ ದು ಸೋಜ’ ಅಂತ ಹೆಸರು. ಸೋಜದ ಬಾಯಿ, ಅಂದರೆ ನಮ್ಮ ಮಾತಲ್ಲಿ ಸೋಜದ ಸಂಗಮ. ಹಸಿರು ದಿಣ್ಣೆಗಳು, ದ್ರಾಕ್ಷಿ ಚಪ್ಪರಗಳು, ಕಲ್ಲಿನ ಹಳೆಯ ಮಠಗಳು ಇರುವ ಕಣಿವೆ ಅದು. 11ನೇ ಶತಮಾನದಲ್ಲಿ ಅಲ್ಲಿನ ಒಡೆಯನಾಗಿದ್ದ ಎಗಸ್ ಗೋಮೆಸ್ ಎಂಬಾತ ‘ದೆ ಸೋಜ’ ಅಂತ ಕರೆಸಿಕೊಂಡ ಮೊದಲಿಗ ಅನ್ನುತ್ತಾರೆ. ಪೋರ್ಚುಗಲ್ ಇನ್ನೂ ಬೇರೆ ರಾಜ್ಯವೇ ಆಗಿರದ ಕಾಲ ಅದು. ಆ ಸೀಮೆಯ ಐದು ದೊಡ್ಡ ಮನೆತನಗಳಲ್ಲಿ ಸೋಜರದ್ದೂ ಒಂದು. ಪೊಂಬೇರು ಮಠವನ್ನು ಪೋಷಿಸಿದವರು ಅವರೇ.

ಇನ್ನು ಹೊಳೆಯ ಹೆಸರಿನ ಅರ್ಥ. ‘ಸಾಕ್ಸಾ’ ಅನ್ನೋ ಲ್ಯಾಟಿನ್ ಪದದಿಂದ ಬಂತು, ಕಲ್ಲುಗಳು ಅಂತ ಅರ್ಥ, ಹೀಗೆ ಎಷ್ಟೋ ಕಡೆ ಬರೆದಿರುತ್ತಾರೆ. ನೀವೂ ಅದನ್ನೇ ಓದಿದ್ದೀರಿ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಕಲ್ಲು ಅನ್ನುವ ಆ ಲ್ಯಾಟಿನ್ ಮಾತು ಪೋರ್ಚುಗೀಸಿನಲ್ಲಿ ‘ಸೇಯ್ಶು’ ಆಗಿ ಉಳಿದಿದೆ. ಅದರಿಂದಲೇ ‘ಸೇಯ್ಶಸ್’ ಅನ್ನುವ ಬೇರೊಂದು ಅಡ್ಡಹೆಸರೂ ಹುಟ್ಟಿದೆ. ಒಂದೇ ಪದ ಅಲ್ಲಿ ಹಾಗೆ, ಇಲ್ಲಿ ಹೀಗೆ ಆಗೋದು ಕಷ್ಟ. ನದಿಗಳ ಹೆಸರು ಸಾಮಾನ್ಯವಾಗಿ ದಡದಲ್ಲಿ ಮಾತಾಡುವ ಭಾಷೆಗಿಂತ ಹಳೆಯದು. ಆದ್ದರಿಂದ ಮಗು ಕೇಳಿದರೆ ‘ಸೋಜ ಅಂದರೆ ಒಂದು ಹೊಳೆ’ ಅಂತ ಧೈರ್ಯವಾಗಿ ಹೇಳಿ. ಅದು ಸರಿಯಾದ ಉತ್ತರ.

ನನಗೆ ತುಂಬ ಹಿಡಿಸುವ ಸಂಗತಿ ಇನ್ನೊಂದಿದೆ. 13ನೇ ಶತಮಾನದಲ್ಲಿ ಈ ಮನೆತನದ ಹಿರಿಯ ಗಂಡುಸಂತಾನ ನಿಂತುಹೋಯಿತು. ಆಸ್ತಿ, ಹೆಸರು ಎರಡೂ ಹೆಣ್ಣುಮಕ್ಕಳ ಕಡೆಗೆ ಬಂದವು. ಪೋರ್ಚುಗಲ್ಲಿನ ರಾಜ ಮೂರನೇ ಅಫೊನ್ಸೊನಿಗೆ ಮದುವೆಯಾಚೆ ಹುಟ್ಟಿದ ಇಬ್ಬರು ಗಂಡುಮಕ್ಕಳು ಸೋಜ ರಕ್ತದ ಇಬ್ಬರು ಹೆಣ್ಣುಮಕ್ಕಳನ್ನು ಮದುವೆಯಾದರು. ಅವರ ಸಂತಾನ ಅಪ್ಪನ ಕಡೆಯದನ್ನು ಬಿಟ್ಟು ಸೋಜ ಅನ್ನುವ ಹೆಸರನ್ನೇ ಹಿಡಿದು ನಡೆಯಿತು. ಮುಂದೆ ಹಡಗು ಹತ್ತಿ ಲೋಕ ಸುತ್ತಿದ ದೊಡ್ಡ ಸೋಜರ ಹೆಸರಿನ ಬೇರು ಇಲ್ಲಿದೆ. ಈ ಹೆಸರು ಉಳಿದದ್ದು ತಾಯಂದಿರಿಂದ.

ಈಗ ನಿಮ್ಮ ಎರಡನೇ ಪ್ರಶ್ನೆ. ಇದಕ್ಕೆ ಉತ್ತರ ಹೇಳಬೇಕಾದರೆ ಒಬ್ಬ ಮನುಷ್ಯನ ಕಥೆ ಹೇಳಬೇಕು. ಅವನ ಹೆಸರು ಮಾರ್ತಿಂ ಅಫೊನ್ಸೊ ದೆ ಸೋಜ. 1532ರಲ್ಲಿ ಬ್ರೆಜಿಲ್ ಕರಾವಳಿಯಲ್ಲಿ ಸಾವ್ ವಿಸೆಂತೆ ಅನ್ನುವ ಊರು ಕಟ್ಟಿದವನು ಇವನು. ಹತ್ತು ವರ್ಷದ ಮೇಲೆ, 1542ರಲ್ಲಿ, ಇದೇ ಮನುಷ್ಯ ಗವರ್ನರ್ ಆಗಿ ಗೋವಾಕ್ಕೆ ಬಂದ. ಅವನ ಜೊತೆ ಬಂದ ಪಾದ್ರಿ ಸಂತ ಫ್ರಾನ್ಸಿಸ್ ಕ್ಸೇವಿಯರ್. ಅದೇ ವರ್ಷ ಈ ಗವರ್ನರ್ ಸೋಜ ನಮ್ಮ ಭಟ್ಕಳದ ಮೇಲೆ ಏರಿಹೋದ. ಅಲ್ಲಿನ ರಾಣಿ ಕಪ್ಪ ಕೊಡಲಿಲ್ಲ ಅನ್ನೋದು ನೆಪ. ಊರನ್ನು ಲೂಟಿ ಮಾಡಿ ಬೆಂಕಿ ಇಟ್ಟರು. ನಮ್ಮ ಕರಾವಳಿಯಲ್ಲಿ ಈ ಹೆಸರಿಗೆ ಇಂಥ ಕಥೆಯೂ ಇದೆ. ಇದನ್ನು ಮುಚ್ಚಿಟ್ಟು ಬರೆಯಲು ನನಗೆ ಮನಸ್ಸಿಲ್ಲ.

ಆದರೆ ನಿಮ್ಮ ಶಿಷ್ಯನ ಮನೆಯವರಿಗೂ ಆ ಗವರ್ನರನಿಗೂ ರಕ್ತಸಂಬಂಧ ಹುಡುಕುವುದು ತಪ್ಪು. ಗೋವಾದ ಹಳ್ಳಿಗಳಲ್ಲಿ ಜನ ಕ್ರೈಸ್ತರಾದಾಗ ದೀಕ್ಷಾಸ್ನಾನದ ಹೊತ್ತಿಗೆ ಹೊಸ ಹೆಸರು ಸಿಗುತ್ತಿತ್ತು. ಧರ್ಮಪಿತನಾಗಿ ನಿಂತವನದ್ದೋ, ಸ್ನಾನ ಕೊಟ್ಟ ಪಾದ್ರಿಯದ್ದೋ ಅಡ್ಡಹೆಸರು ಇವರಿಗೂ ಬರುತ್ತಿತ್ತು. ನಿನ್ನೆವರೆಗೆ ಪ್ರಭು, ಕಾಮತ್, ಶೆಣೈ, ನಾಯಕ್ ಆಗಿದ್ದ ಮನೆಗಳು ಹೀಗೆ ಪಿಂಟೊ, ಲೋಬೊ, ಡಿಸೋಜ ಆದವು. ಮಂಗಳೂರಿನ ಎಷ್ಟೋ ಕುಟುಂಬಗಳು ಆ ಹಳೆಯ ಹೆಸರನ್ನು ಇವತ್ತಿಗೂ ನೆನಪಿಟ್ಟುಕೊಂಡಿವೆ. ಹಾಗಾಗಿ ಅಡ್ಡಹೆಸರು ಅಲ್ಲಿ ಗೋತ್ರ ಅಲ್ಲ. ಡಿಸೋಜ ಹುಡುಗ ಡಿಸೋಜ ಹುಡುಗಿಯನ್ನು ಮದುವೆಯಾಗುವುದು ಸಹಜ. ಇಬ್ಬರಿಗೂ ಏಳು ತಲೆಮಾರು ಹಿಂದೆ ಹೋದರೂ ಸಂಬಂಧ ಇರಲಿಕ್ಕಿಲ್ಲ. ಕೆಲವರ ಮನೆಯಲ್ಲಿ ಪೋರ್ಚುಗೀಸ್ ಹಿರಿಯರು ಇದ್ದಿರಬಹುದು. ಆದರೆ ಅದನ್ನು ಹೆಸರು ನೋಡಿ ಹೇಳಲು ಆಗುವುದಿಲ್ಲ.

ಗೋವಾದಿಂದ ಕೆಳಗೆ ಇವರು ಬಂದದ್ದು ಒಂದೇ ಸಲಕ್ಕಲ್ಲ. 1560ರಲ್ಲಿ ಶುರುವಾದ, ಮತಾಚಾರ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯವಾದ ಇನ್‌ಕ್ವಿಸಿಷನ್ನಿನ ಕಾಟ, ಬರ, ತೆರಿಗೆ, ಮರಾಠರ ದಾಳಿ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದು ಕಾರಣ. ಕೆಳದಿಯ ನಾಯಕರ ಸೀಮೆಯಲ್ಲಿ ಗದ್ದೆ ಮಾಡಿಕೊಂಡು ನೆಲೆ ನಿಂತರು. 1784ರಲ್ಲಿ ಟಿಪ್ಪು ಸುಲ್ತಾನ ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಸತ್ತ ಮೇಲೆ ಬದುಕುಳಿದವರು ವಾಪಸ್ ಬಂದು ಮತ್ತೆ ಮನೆ ಕಟ್ಟಿದರು. ಮುಂದೆ ಘಟ್ಟ ಹತ್ತಿ ಕಾಫಿ ತೋಟಗಳಿಗೆ, ನಿಮ್ಮ ಮಲೆನಾಡಿನ ಊರುಗಳಿಗೆ ಬಂದರು. ಸಾಗರದ ನಾ. ಡಿಸೋಜ ಅವರು 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರಲ್ಲ, ಪೋರ್ಚುಗಲ್ಲಿನ ಹೊಳೆಯ ಹೆಸರು ಅವತ್ತು ಕನ್ನಡದ ಮೆರವಣಿಗೆಯಲ್ಲಿ ಬಂತು. ಭಟ್ಕಳದ ಬೆಂಕಿಯ ಪಕ್ಕದಲ್ಲಿ ಇದನ್ನೂ ಇಟ್ಟು ನೋಡಬೇಕು ಅಂತ ನನ್ನ ಆಸೆ.

ಇನ್ನು ಲೋಕದಲ್ಲಿ ಇವರು ಎಲ್ಲೆಲ್ಲಿದ್ದಾರೆ ಅಂತ ಕೇಳಿದ್ದೀರಿ. ಜಾಸ್ತಿ ಇರುವುದು ಬ್ರೆಜಿಲ್‌ನಲ್ಲಿ. ಅಲ್ಲಿನ 2022ರ ಜನಗಣತಿಯಲ್ಲಿ ಸುಮಾರು 92 ಲಕ್ಷ ಜನ ಸೋಜ ಅನ್ನುವ ಅಡ್ಡಹೆಸರಿನವರು. ಸಿಲ್ವ, ಸಾಂತುಸ್, ಒಲಿವೇರ ಬಿಟ್ಟರೆ ನಾಲ್ಕನೇ ಸ್ಥಾನ. ಇಷ್ಟು ಜನ ಆ ಕಣಿವೆಯ ಒಡೆಯರ ಮಕ್ಕಳಾಗಿರಲು ಸಾಧ್ಯವೇ ಇಲ್ಲ ಅಲ್ವಾ? ಅಲ್ಲಿ ಹೆಸರು ಹರಡಿದ ದಾರಿಯಲ್ಲಿ ನೋವೂ ಇದೆ. ಬ್ರೆಜಿಲ್ಲಿನ ದೊಡ್ಡ ಕವಿ ಜುವಾವ್ ದ ಕ್ರೂಸ್ ಇ ಸೋಜ 1861ರ ನವೆಂಬರ್ 24ರಂದು ಹುಟ್ಟಿದರು. ಆಫ್ರಿಕಾದಿಂದ ತಂದ ಗುಲಾಮರ ಕುಲ. ಆ ದಿನ ಶಿಲುಬೆಯ ಸಂತ ಯೋವಾನ್ನರ ಹಬ್ಬ, ಅದಕ್ಕೆ ‘ಜುವಾವ್ ದ ಕ್ರೂಸ್’ ಅಂತ ಇಟ್ಟರು. ‘ಸೋಜ’ ಅನ್ನುವುದು ಅವರ ತಂದೆಯ ಯಜಮಾನನಾಗಿದ್ದ ಸೇನಾಧಿಕಾರಿಯ ಅಡ್ಡಹೆಸರು. ಯಜಮಾನನ ಆ ಹೆಸರಿಗೆ ಇವತ್ತು ಗೌರವ ಇರುವುದು ಈ ಕವಿಯಿಂದ.

ಇದಕ್ಕೆ ತಿರುವುಮುರುವಾದ ಕಥೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿದೆ. ಬ್ರೆಜಿಲ್ಲಿನಲ್ಲಿ ಹುಟ್ಟಿದ ಫ್ರಾನ್ಸಿಸ್ಕು ಫೆಲಿಕ್ಸ್ ದೆ ಸೋಜ ಅನ್ನುವವನು ಆಫ್ರಿಕಾದ ವೀದಾ ಬಂದರಿಗೆ ಹೋಗಿ ಮನುಷ್ಯರನ್ನು ಮಾರಿ ಶ್ರೀಮಂತನಾದ. 1849ರಲ್ಲಿ ಸತ್ತ. ಅವನ ಮಕ್ಕಳು ಮೊಮ್ಮಕ್ಕಳು ಇವತ್ತು ಬೆನಿನ್ ದೇಶದಲ್ಲಿ ದೊಡ್ಡ ಬಳಗ. 1990ರಲ್ಲಿ ಆ ದೇಶ ಸರ್ವಾಧಿಕಾರದಿಂದ ಪ್ರಜಾಪ್ರಭುತ್ವಕ್ಕೆ ತಿರುಗಿದಾಗ ರಾಷ್ಟ್ರೀಯ ಸಮಾವೇಶಕ್ಕೆ ಅಧ್ಯಕ್ಷರಾಗಿದ್ದವರು ಬಿಷಪ್ ಇಸಿಡೋರ್ ದೆ ಸೋಜ. ಅದೇ ಹೆಸರು ನೋಡಿ.

ಉಳಿದ ದೇಶಗಳನ್ನು ಬೇಗ ಮುಗಿಸುತ್ತೇನೆ. ಶ್ರೀಲಂಕಾದಲ್ಲಿ ಇದು ‘ಸೊಯ್ಸ’, ‘ದ ಜೊಯ್ಸ’ ಆಗಿದೆ. ಸ್ಪ್ಯಾನಿಷ್ ಮಾತಾಡುವ ನಾಡುಗಳಲ್ಲಿ ‘ಸೋಸ’. ಅರ್ಜೆಂಟೀನಾದ ಹಾಡುಗಾರ್ತಿ ಮರ್ಸಿಡಿಸ್ ಸೋಸ ಅವರ ದನಿ ನೀವು ಕೇಳಿರಬಹುದು. ಅಮೆರಿಕದಲ್ಲಿ ಬ್ಯಾಂಡಿನ ನಡಿಗೆ ಸಂಗೀತಕ್ಕೆ ಹೆಸರಾದ ಜಾನ್ ಫಿಲಿಪ್ ಸೂಸಾ (1854–1932) ಇದೇ ಹೆಸರಿನವರು, ತಂದೆ ಪೋರ್ಚುಗೀಸ್ ಕುಲದವರು. ಅವರ ಪೆಟ್ಟಿಗೆಯ ಮೇಲೆ ಇದ್ದ ‘ಎಸ್.ಓ., ಯು.ಎಸ್.ಎ.’ ಅನ್ನುವ ಅಕ್ಷರಗಳೇ ಸೇರಿ ಸೂಸಾ ಆಯಿತು ಅಂತ ಒಂದು ಸುದ್ದಿ ಲೋಕವೆಲ್ಲ ಹಬ್ಬಿತ್ತು. ಅದು ಪ್ರಚಾರಕ್ಕಾಗಿ ಹುಟ್ಟಿಸಿದ ಕಥೆ ಅಂತ ಅವರೇ ಹೇಳಿದರು. ಚುಕ್ಕೆ ಇಟ್ಟು ಈ ಹೆಸರನ್ನು ಒಡೆದವರು ನೀವೊಬ್ಬರೇ ಅಲ್ಲ ಮೇಷ್ಟ್ರೇ.

ಬರಹದ ವಿಷಯಕ್ಕೆ ಬರೋಣ. ನಮ್ಮ ಪತ್ರಿಕೆಗೆ ಬರುವ ಲೇಖನಗಳಲ್ಲೇ ಡಿಸೋಜ, ಡಿಸೋಜಾ, ಡಿ’ಸೋಜ, ಡಿಸೌಜ ಅಂತ ನಾಲ್ಕೈದು ಥರ ನೋಡುತ್ತೇನೆ. ಪೋರ್ಚುಗೀಸರ ಬಾಯಲ್ಲಿ ಕೊನೆಯ ಅಕ್ಷರ ಗಿಡ್ಡ, ಮೆಲ್ಲಗೆ ಮುಗಿಯುತ್ತದೆ. ಹಾಗಾಗಿ ‘ಸೋಜಾ’ಗಿಂತ ನೀವು ಬರೆದ ‘ಸೋಜ’ ಹತ್ತಿರ. ಲಿಸ್ಬನ್‌ನಲ್ಲಿ ‘ಸೋಜ’ ಅನ್ನುತ್ತಾರೆ. ಆ ಹೊಳೆ ಹರಿಯುವ ಉತ್ತರದ ಸೀಮೆಯಲ್ಲಿ ಹಳಬರು ‘ಸೌಜ’ಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರೆ. ಪೋರ್ಚುಗಲ್ 1911ರಲ್ಲಿ ಕಾಗುಣಿತ ತಿದ್ದಿದ ಮೇಲೆ ಅಲ್ಲಿ ‘ಎಸ್’ ಹಾಕಿ ಬರೆಯುವುದೇ ಸರಿ ಅಂತಾಯಿತು. ಬ್ರೆಜಿಲ್‌ನಲ್ಲೂ ನಮ್ಮಲ್ಲೂ ಹಳೆಯ ‘ಝೆಡ್’ ಉಳಿಯಿತು. ಇನ್ನು ಆ ಮೇಲಿನ ಕೊಕ್ಕೆ ಗುರುತು. ಪೋರ್ಚುಗೀಸರು ಅದನ್ನು ಹಾಕುವುದು ಸ್ವರದ ಮುಂದೆ, ‘ದ’ಅಲ್ಮೇದ’ ಅನ್ನುವಂಥ ಕಡೆ. ಸೋಜದ ಮುಂದೆ ಅದರ ಅಗತ್ಯವೇ ಇಲ್ಲ. ಇಂಗ್ಲಿಷ್ ದಾಖಲೆಗಳ ಕಾಲದಲ್ಲಿ ನಮ್ಮ ಕಡೆ ಅದು ರೂಢಿಯಾಯಿತು. ‘ದೆ’ ಹೋಗಿ ‘ಡಿ’ ಆದದ್ದೂ ಇಂಗ್ಲಿಷ್ ಅಕ್ಷರವನ್ನು ಅಕ್ಷರವಾಗಿ ಓದಿದ್ದರಿಂದ. ಅದಕ್ಕೇ ಯಾವ ದೇಶದಲ್ಲಾದರೂ ಕೊಕ್ಕೆಯ ಸಮೇತ ಡಿ’ಸೋಜ ಅಂತ ಬೋರ್ಡು ಕಂಡರೆ ಆ ಮನೆಯ ಬೇರು ಹೆಚ್ಚಾಗಿ ನಮ್ಮ ಪಶ್ಚಿಮ ಕರಾವಳಿಯಲ್ಲೇ ಇರುತ್ತದೆ. ಈ ‘ದೆ’ ದೊಡ್ಡ ಮನೆತನದ ಗುರುತು ಅಂತ ಕೆಲವರು ತಿಳಿಯುತ್ತಾರೆ. ಹಾಗೇನೂ ಇಲ್ಲ. ಅದು ಸುಮ್ನೆ ವಿಭಕ್ತಿ.

ಇನ್ನು ನಿಮ್ಮ ಮೂರನೇ ಪ್ರಶ್ನೆ. ಪೋರ್ಚುಗಲ್ಲಿನಲ್ಲಿ ಪಟ್ಟಿ ಮಾಡುವಾಗ ‘ದೆ’ಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹೆಸರು ‘ಸ’ದಲ್ಲಿ ಬರುತ್ತದೆ. ಆದರೆ ನಿಮ್ಮದು ಲಿಸ್ಬನ್ನಿನ ಪಟ್ಟಿ ಅಲ್ಲ, ಮಲೆನಾಡಿನ ಶಾಲೆಯದು. ಇಲ್ಲಿ ಮುನ್ನೂರು ನಾನೂರು ವರ್ಷ ಸವೆದು ಅದು ಒಂದೇ ಪದವಾಗಿದೆ. ಅಣ್ಣ ತಂಗಿ ಇಬ್ಬರನ್ನೂ ‘ಡ’ ಅಕ್ಷರದ ಕೆಳಗೆ, ಒಂದೇ ಕಾಗುಣಿತದಲ್ಲಿ, ಒಟ್ಟಿಗೆ ಹಾಕಿ. ಅಚ್ಚಿಗೆ ಕೊಡುವ ಮುಂಚೆ ನಿಮ್ಮ ಶಿಷ್ಯನಿಗೆ ಒಂದು ಫೋನ್ ಮಾಡಿ, ಕನ್ನಡದಲ್ಲಿ ಹೇಗೆ ರುಜು ಹಾಕುತ್ತಾರೆ ಅಂತ ಕೇಳಿ. ಅವರು ಹೇಳಿದ ಹಾಗೇ ಬರೆಯಿರಿ.

ಹಾಜರಿ ಪುಸ್ತಕದ ಚುಕ್ಕೆಯನ್ನು ಅಳಿಸಲೇ ಅಂತ ಕೊನೆಯಲ್ಲಿ ಕೇಳಿದ್ದೀರಿ. ಬೇಡ ಮೇಷ್ಟ್ರೇ. ಅದು ಶಾಲೆಯ ದಾಖಲೆ, ಅದನ್ನು ಮುಟ್ಟುವ ಹಾಗಿಲ್ಲ. ಸಂಚಿಕೆಯಲ್ಲಿ ಆ ಪುಟದ ಫೋಟೊ ಹಾಕಿ, ಕೆಳಗೆ ಎರಡು ಸಾಲು ನೀವೇ ಬರೆಯಿರಿ. ಅದರ ಒಂದು ಪ್ರತಿ ನನಗೂ ಕಳಿಸಿ.

— ಸಂಪಾದಕ