ಪ್ರತಿಕ್ರಿಯೆ: ಒಗೆದ ಮೇಲೆ ಮುದುಡಿದ ಮಗುವಿನ ಕೌದಿ

ಹಳೆ ಸೀರೆ, ಹೊಸ ಕಾಟನ್ ತುಂಡು ಸೇರಿಸಿ ಮಗುವಿಗೆ ಹೊಲಿದ ಕೌದಿ ಮೊದಲ ಒಗೆತಕ್ಕೇ ಮುದುಡಿತು ಅಂತ ಬರೆದಿದ್ದೀರಿ. ಕಾರಣ ಬಹುಶಃ ನಿಮ್ಮ ಹೊಲಿಗೆಯಲ್ಲ, ಬಟ್ಟೆ. ಹಳೆ ಸೀರೆಯ ತುಂಡು ಎಷ್ಟೋ ಸಲ ನೀರು ಕಂಡಿರುತ್ತದೆ. ಟೈಲರ್ ಅಂಗಡಿಯ ಹೊಸ ಕಾಟನ್ ತುಂಡು ಈಗಷ್ಟೇ ಕುಗ್ಗಿ, ಪಕ್ಕದ್ದನ್ನೂ ಎಳೆದುಕೊಂಡಿದೆ.

ಪೂರ್ತಿ ಬಿಚ್ಚಬೇಡಿ. ಸುಕ್ಕಾದ ತುಂಡಿನ ಸುತ್ತ ಮಾತ್ರ ದಾರ ಬಿಚ್ಚಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿ. ಕುಗ್ಗಿದ ತುಂಡಿನ ಅಂಚು ಸಾಲದಿದ್ದರೆ ಮೇಲೊಂದು ಒಗೆದ ಬಟ್ಟೆಯ ಪಟ್ಟಿ ಇಟ್ಟು, ಅದರ ಅಂಚು ಒಳಗೆ ಮಡಚಿ. ಆಮೇಲೆ ನೆಲದ ಮೇಲೆ ಹಾಸಿಕೊಂಡೇ ಕೈಹೊಲಿಗೆ ಹಾಕಿ. ದಾರ ಬಿಗಿಯಾಗಿ ಎಳೆಯಬೇಡಿ. ನಾಲ್ಕೈದು ಹೊಲಿಗೆಗೊಮ್ಮೆ ಅಂಗೈಯಿಂದ ಸವರಿ ನೋಡಿ, ಉಬ್ಬಿದ್ದರೆ ಅಲ್ಲೇ ದಾರ ಸಡಿಲಿಸಿ. ಗಂಟು ಎರಡು ಪದರದ ನಡುವೆ ಅಡಗಲಿ. ಉದ್ದ ಹೊಲಿಗೆ ಬೇಡ, ಮಗುವಿನ ಬೆರಳಿಗೆ ದಾರ ಸಿಕ್ಕಿಕೊಳ್ಳಬಾರದು ಅಲ್ವಾ? ಉಳಿದ ಹೊಸ ತುಂಡುಗಳನ್ನು ಇವತ್ತೇ ನೆನೆಹಾಕಿ, ಒಣಗಿಸಿಟ್ಟುಕೊಳ್ಳಿ.